ಬಾಗಿದ ಬೆನ್ನಿಗೊಂದು ರೈನ್‌ಕೋಟು

ಹೊಸಬಾಳೆ, ಸೊರಬ ತಾಲ್ಲೂಕು: ಒಂದು ಮಳೆಗಾಲದ ಟಿಪ್ಪಣಿಗಳು

ರೋಹಿಣಿ

ಮಳೆಗಾಲ ಹತ್ತಿರ ಬಂತೆಂದರೆ ಈ ಊರಿನಲ್ಲಿ ಮನುಷ್ಯರಿಗಿಂತ ಮೊದಲು ಸಾಮಾನುಗಳು ಉಡುಪು ತೊಡುತ್ತವೆ. ಕಟ್ಟಿಗೆ ರಾಶಿಯ ಮೇಲೆ ತಾಡಪಾಲು ಬೀಳುತ್ತದೆ. ಮಣ್ಣಿನ ಗೋಡೆ ಇನ್ನೂ ಉಳಿದಿರುವ ಮನೆಗಳಲ್ಲಿ ಪಡುವಣ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ, ಎರಚಲು ಗೋಡೆಗೆ ಹೊಡೆಯಬಾರದಲ್ಲ. ಹುಲ್ಲಿನ ಬಣವೆಗೆ ನೀಲಿ ಪ್ಲಾಸ್ಟಿಕ್ಕು. ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಅರ್ಧ ಕತ್ತರಿಸಿದ ಎಣ್ಣೆ ಕ್ಯಾನು. ಒಂದೊಂದಕ್ಕೂ ಅದರದರ ಆಕಾರಕ್ಕೆ ತಕ್ಕ ಮುಚ್ಚಿಗೆ. ಮನುಷ್ಯನಿಗೆ ಮಾತ್ರ ಎಂ, ಎಲ್, ಎಕ್ಸ್‌ಎಲ್.

ನಾನು ಬಯಲುಸೀಮೆಯಿಂದ ಬಂದವಳು, ದಾವಣಗೆರೆ ಕಡೆಯವಳು. ನಮ್ಮಲ್ಲಿ ಮಳೆ ಬಂದರೆ ಜನ ಯಾವುದಾದರೂ ಅಂಗಡಿಯ ಸೂರಿನಡಿ ನಿಲ್ಲುತ್ತಾರೆ, ಬಿಟ್ಟ ಮೇಲೆ ಹೊರಡುತ್ತಾರೆ. ಸೊರಬದ ಮಳೆ ಬಿಡಲಿ ಅಂತ ಕಾಯುತ್ತ ನಿಂತರೆ ಗೌರಿ ಹಬ್ಬವೇ ಬಂದೀತು. ಹಾಗಾಗಿ ಇಲ್ಲಿ ರೈನ್‌ಕೋಟು ಶೋಕಿಯ ವಸ್ತುವಲ್ಲ, ಅಕ್ಕಿ ಬೇಳೆಯ ಲೆಕ್ಕದಲ್ಲಿ ಬರುವಂಥದ್ದು. ಆದರೂ ಕೊಳ್ಳುವಾಗ ಎಲ್ಲರೂ ಮೊದಲು ನೋಡುವುದು ಬಣ್ಣ.

ಈ ವರ್ಷ ಮನೆಗೆ ನಾಲ್ಕು ಕೋಟು ಬೇಕು. ಇವರಿಗೆ ಬೈಕಿಗೆ, ಮಗನಿಗೆ ಶಾಲೆಗೆ, ಅತ್ತೆಗೆ ಗದ್ದೆಗೆ, ನನಗೆ ಸೀರೆಯ ಮೇಲೆ. ಒಂದೇ ಮಳೆ, ಒಂದೇ ಮನೆ, ನಾಲ್ಕು ಥರದ ಮೈ. ಈ ನಾಲ್ಕಕ್ಕೂ ಅಂಗಡಿಯಲ್ಲಿ ಒಂದೇ ಉತ್ತರ ನೇತಾಡುತ್ತಿರುವುದು ಯಾಕೆಂದು ಯೋಚನೆ ಹತ್ತಿದ್ದರಿಂದ ಇದನ್ನೆಲ್ಲ ಬರೆದಿಡುತ್ತಿದ್ದೇನೆ.

ಮೃಗಶಿರ

ಶಿರಾಳಕೊಪ್ಪದ ಅಂಗಡಿ. ಬಾಗಿಲಿಂದ ಒಳಗಿನ ಗೋಡೆಯವರೆಗೆ ಕೋಟುಗಳ ಸಾಲು. ಕಪ್ಪು, ಕಡುನೀಲಿ, ಬೂದು, ಮತ್ತೆ ಕಪ್ಪು. ಒಂದರ ಚೀಟಿಯಲ್ಲಿ “ವಾಟರ್‌ಪ್ರೂಫ್ 5,000 ಮಿ.ಮೀ.” ಅಂತ ಬರೆದಿತ್ತು.

“ಅಣ್ಣ, ಇದೇನು 5,000?”

“ಅಷ್ಟು ಮಳೆ ತಡಕೊಳ್ತದೆ ಅಕ್ಕ.”

ಈ ಉತ್ತರ ಕೇಳಿ ನನಗೆ ತಲೆ ಕೆಟ್ಟಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಹಾಗಾದರೆ ಈ ಕೋಟು ಹಾಕಿಕೊಂಡು ಆಗುಂಬೆಗೆ ಹೋದವನು ಆಗಸ್ಟಿನ ಒಂದು ಮಧ್ಯಾಹ್ನ, 5,001ನೇ ಮಿ.ಮೀ.ಗೆ, ಇದ್ದಕ್ಕಿದ್ದಂತೆ ತೊಯ್ಯತೊಡಗುತ್ತಾನೆಯೇ? ಮುಂದಿನ ವರ್ಷಕ್ಕೆ ಕೋಟಿಗೆ ಮತ್ತೆ ರೀಚಾರ್ಜ್ ಮಾಡಿಸಬೇಕೇ?

ಮಗನ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಬಿಡಿಸಿ ಹೇಳಿದರು. ಮಳೆಯ ಮಿ.ಮೀ. ಬೇರೆ, ಬಟ್ಟೆಯ ಮಿ.ಮೀ. ಬೇರೆ. ಒಂದು ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರು ನೆಲದ ಮೇಲೆ ಒಂದು ಲೀಟರು ನೀರು. ಬಟ್ಟೆಯದು ಒತ್ತಡದ ಲೆಕ್ಕ. ಬಟ್ಟೆಯ ತುಂಡನ್ನು ಬಿಗಿಯಾಗಿ ಹಿಡಿದು ಅದರ ಮೇಲೆ ನೀರಿನ ಒತ್ತಡ ಏರಿಸುತ್ತಾ ಹೋಗುತ್ತಾರೆ. ಆಚೆ ಬದಿಯಲ್ಲಿ ಮೂರು ಕಡೆ ಹನಿ ಮೂಡಿದಾಗ ಆ ಒತ್ತಡ ಎಷ್ಟು ಎತ್ತರದ ನೀರಿನ ಕಂಬಕ್ಕೆ ಸಮ ಎಂದು ಬರೆದುಕೊಳ್ಳುತ್ತಾರೆ. 5,000 ಎಂದರೆ ಐದು ಮೀಟರು ಎತ್ತರದ ನೀರು ಮೇಲೆ ನಿಂತರೂ ಬಟ್ಟೆ ಬಿಟ್ಟುಕೊಡಲಿಲ್ಲ ಎಂದರ್ಥ.

ಅಷ್ಟು ಎತ್ತರದ ನೀರು ಯಾರ ಮೈ ಮೇಲೂ ನಿಲ್ಲುವುದಿಲ್ಲ. ಮತ್ತೆ ಕೋಟು ಸೋರುವುದು ಎಲ್ಲಿಂದ?

ಆರಿದ್ರೆ

ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ ಎನ್ನುತ್ತಾರೆ. ಈ ಸಲ ಆರಿದ್ರೆಯೇ ಆಯಿತು. ಹಗಲು ಹೊತ್ತಿನಲ್ಲಿ ಲೈಟು ಹಾಕಿ ಅಡುಗೆ ಮಾಡುವ ಹಾಗಾಗಿದೆ.

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಬೈಕಿನವರನ್ನು ನೋಡುತ್ತ ಕೂತಿದ್ದೆ. ಕೋಟು ಕಳಚಿದ ಮೇಲೆ ಒಬ್ಬೊಬ್ಬರ ಮೈ ಮೇಲೂ ಒದ್ದೆಯ ಗುರುತು. ಎಲ್ಲರಿಗೂ ಹೆಚ್ಚುಕಡಿಮೆ ಅದೇ ಜಾಗಗಳಲ್ಲಿ. ಕತ್ತಿನ ಕೆಳಗೊಂದು ಪಟ್ಟೆ, ಎದೆಯ ನಡುವೆ ಉದ್ದಕ್ಕೆ ಜಿಪ್ಪಿನ ಗೆರೆ, ಮುಂಗೈ, ಮತ್ತೆ ಹೇಳಲು ಸಂಕೋಚವಾಗುವ ಕಡೆ ಒಂದು ದೊಡ್ಡ ವೃತ್ತ. ಬೆನ್ನು ಮಾತ್ರ ಬೆಚ್ಚಗೆ, ಒಣಗಿ. ಕೋಟಿನ ಬೆನ್ನಿನ ಮೇಲೆ ಇಷ್ಟು ದೊಡ್ಡದಾಗಿ ಕಂಪನಿ ಹೆಸರು.

ಬೈಕಿನ ಮೇಲೆ ಮಳೆ ಮೇಲಿನಿಂದ ಬೀಳುವುದಿಲ್ಲ, ಎದುರಿನಿಂದ ಬರುತ್ತದೆ. ಹಾಗಾಗಿ ಅಲ್ಲಿ ಬಟ್ಟೆಗಿಂತ ಮುಖ್ಯವಾದದ್ದು ಜಿಪ್ಪಿನ ಮೇಲಿನ ಪಟ್ಟಿ. ಪಟ್ಟಿ ಒಂದೇ ಇದ್ದರೆ ಗಾಳಿ ಅದನ್ನೆತ್ತಿ ನೀರು ನುಗ್ಗಿಸುತ್ತದೆ. ಒಳಗೊಂದು ಹೊರಗೊಂದು ಎರಡು ಇದ್ದು, ಅಂಟುಪಟ್ಟಿಯಿಂದ ಕೂಡಿಕೊಂಡರೆ ಬಚಾವು. ತೋಳಿನ ತುದಿಗೂ ಅದೇ ನ್ಯಾಯ: ಒಳಗೆ ಎಲಾಸ್ಟಿಕ್ಕಿನ ಒಂದು ತೋಳು, ಹೊರಗೆ ಸಡಿಲವಾದ ಇನ್ನೊಂದು.

ಸೀಟಿನ ಒದ್ದೆಗೆ ಮೇಷ್ಟ್ರ ಲೆಕ್ಕವೇ ಉತ್ತರ. ಹನಿ ಬಡಿದು ಜಾರಿ ಹೋಗುತ್ತದೆ. ಸೀಟಿನ ಹೊಂಡದಲ್ಲಿ ನಿಂತ ನೀರು ಎಲ್ಲಿಗೂ ಹೋಗುವುದಿಲ್ಲ, ಅದರ ಮೇಲೆ ಒಬ್ಬ ಮನುಷ್ಯ ಶಿರಾಳಕೊಪ್ಪದಿಂದ ಸೊರಬದವರೆಗೆ ಕೂತಿರುತ್ತಾನೆ. 60 ಕೆ.ಜಿ. ಭಾರ 600 ಚದರ ಸೆಂ.ಮೀ. ಜಾಗದ ಮೇಲೆ ಸಮನಾಗಿ ಕೂತರೂ ಅದು ಒಂದು ಮೀಟರು ನೀರಿನ ಕಂಬಕ್ಕೆ ಸಮ, ಅಂದರೆ 1,000 ಮಿ.ಮೀ. ಮೂಳೆ ಊರಿದ ಕಡೆ ಇನ್ನೂ ಹೆಚ್ಚು. ಹೊಂಡಕ್ಕೊಮ್ಮೆ ಎಗರಿ ಕೂತಾಗ ಎಷ್ಟೋ! ಅದರ ಮೇಲೆ ಪ್ಯಾಂಟಿನ ನಾಲ್ಕು ಹೊಲಿಗೆ ಬಂದು ಕೂಡುವುದೂ ಅಲ್ಲಿಯೇ. ಸೂಜಿ ಹಾದ ಪ್ರತಿ ಕಡೆಯೂ ಒಂದು ತೂತು. ಚೀಟಿಯ ಮೇಲಿನ ಅಂಕಿ ಬಟ್ಟೆಯದು, ಹೊಲಿಗೆಯದಲ್ಲ.

ಅದಕ್ಕೆ ಕೋಟು ಕೊಳ್ಳುವಾಗ ಮೊದಲು ಒಳಮೈ ಹೊರಕ್ಕೆ ತಿರುವಿ ನೋಡಬೇಕು. ಹೊಲಿಗೆಯ ಉದ್ದಕ್ಕೂ ಬೆರಳಗಲದ ನುಣುಪಾದ ಟೇಪು ಬಿಸಿಯಲ್ಲಿ ಒತ್ತಿ ಅಂಟಿಸಿದ್ದರೆ ಸರಿ. ಹೆಗಲಿನಲ್ಲಿ ಮಾತ್ರ ಅಂಟಿಸಿ ಪ್ಯಾಂಟಿನಲ್ಲಿ ಬಿಟ್ಟಿರುತ್ತಾರೆ, ಅಲ್ಲೇ ನೋಡಬೇಕು. ನಮ್ಮ ಮನೆಯವರು ಅಂಗಡಿಯಲ್ಲಿ ಕನ್ನಡಿ ಮುಂದೆ ನಿಂತು ನೋಡಿಕೊಂಡರು. ಅಂಗಡಿ ಎದುರಿಗೇ ಬೈಕಿತ್ತು. ಹಾಕಿಕೊಂಡು ಅದರ ಮೇಲೆ ಕೂತು ನೋಡಿ ಎಂದೆ. ಕೂತ ಕೂಡಲೇ ತೋಳು ಮಣಿಕಟ್ಟು ಬಿಟ್ಟು ಮೇಲೆ ಸರಿಯಿತು, ಪ್ಯಾಂಟು ಮೀನಖಂಡಕ್ಕೆ ಏರಿತು. ನಿಂತಾಗ ಹೇಳಿ ಹೊಲಿಸಿದಂತಿದ್ದ ಕೋಟು, ಕೂತಾಗ ತಮ್ಮನದ್ದಾಯಿತು. ಒಂದು ಸೈಜು ದೊಡ್ಡದು ತಂದೆವು.

ಅದೇ ಮಳೆ, ಇನ್ನೊಂದು ದಿನ

ಕಪ್ಪೇ ಯಾಕೆ ಹೆಚ್ಚು? ಅಂಗಡಿಯವರ ಉತ್ತರ: ಕೊಳೆ ಕಾಣುವುದಿಲ್ಲ. ಸರಿ, ಆದರೆ ಸಂಜೆ ಆರಕ್ಕೆ ಮೋಡ ಕವಿದ ರಸ್ತೆಯಲ್ಲಿ ಕಪ್ಪು ಕೋಟಿನ ಮನುಷ್ಯನೂ ಕಾಣುವುದಿಲ್ಲ. ಟಾರು ಕಪ್ಪು, ಕಾನು ಕಪ್ಪು, ಮೋಡ ಕಪ್ಪು. ಎದುರಿನಿಂದ ಬರುವ ಲಾರಿಯ ಗಾಜಿನ ಮೇಲೆ ನೀರು ಬೇರೆ.

ಸಮುದ್ರಕ್ಕೆ ಹೋಗುವವರ ಹಳೆಯ ಮಳೆ ಅಂಗಿ ಹಳದಿಯಾಗಿದ್ದದ್ದು ಫ್ಯಾಷನ್ನಿಗಲ್ಲ. ಹತ್ತಿಯ ಇಲ್ಲವೇ ನಾರಿನ ಬಟ್ಟೆಗೆ ಅಗಸೆ ಎಣ್ಣೆ ಹಚ್ಚಿ ಹಚ್ಚಿ ಒಣಗಿಸುತ್ತಿದ್ದರು. ಎಣ್ಣೆ ಒಣಗಿದಾಗ ತಾನಾಗಿ ಹಳದಿಗೆ ತಿರುಗುತ್ತಿತ್ತು. ಹಳದಿ ದೂರಕ್ಕೆ ಕಾಣುತ್ತದೆ ಎಂಬುದು ಆಮೇಲೆ ಸಿಕ್ಕ ಲಾಭ. ಬಣ್ಣ ಹೋದರೂ ಆ ಲಾಭವನ್ನು ಉಳಿಸಿಕೊಳ್ಳಬಹುದು. ಬೆನ್ನಿಗೂ ತೋಳಿಗೂ ಬೆಳಕು ಬಿದ್ದರೆ ಮಿಂಚುವ ಪಟ್ಟಿ ಇರುವ ಕೋಟು ಈಗ ಎಲ್ಲೆಲ್ಲೂ ಸಿಗುತ್ತದೆ. ಅಂಥದ್ದನ್ನು ಹಾಕಿಕೊಂಡರೆ ಪೊಲೀಸಿನವರ ಹಾಗೆ ಕಾಣುತ್ತೇನೆ ಎಂದು ಇವರ ಆಕ್ಷೇಪ. ಕಾಣುವುದೇ ಮುಖ್ಯ ಎಂದೆ.

ಪುನರ್ವಸು

ನಟ್ಟಿ ಶುರುವಾಗಿದೆ. ಶಿಕಾರಿಪುರದ ಕಡೆ ಮೆಕ್ಕೆಜೋಳ ಆಗಲೇ ಮೊಣಕಾಲುದ್ದ ಎದ್ದಿರುತ್ತದೆ. ಪಡುವಣಕ್ಕೆ ಬಂದ ಹಾಗೆ ಗದ್ದೆ, ತೋಟ, ಕಾನು. ಆ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಬೆಳೆಯ ಜೊತೆ ಉಡುಪೂ ಬದಲಾಗುತ್ತದೆ. ಅತ್ತ ಕೊಡೆಗಳು, ಇತ್ತ ಕೊಪ್ಪೆಗಳು.

ಗದ್ದೆಯಲ್ಲಿ ಸಾಲಾಗಿ ಬಾಗಿದ ಹೆಂಗಸರು. ಸೀರೆ ಎತ್ತಿ ಕಟ್ಟಿ, ಮೇಲೆ ಗಂಡನದ್ದೋ ಮಗನದ್ದೋ ಹಳೆಯ ತುಂಬುತೋಳಿನ ಶರ್ಟು, ಅದರ ಮೇಲೆ ಪ್ಲಾಸ್ಟಿಕ್ ಕೊಪ್ಪೆ. ಸೊಂಟಕ್ಕೊಂದು ಹಗ್ಗ. ಒಬ್ಬರ ಮೈ ಮೇಲೂ ರೈನ್‌ಕೋಟಿಲ್ಲ. ಇಲ್ಲದವರೇನಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿನಿಂದ ಒಳ್ಳೊಳ್ಳೆಯದನ್ನೇ ತಂದುಕೊಟ್ಟಿದ್ದಾರೆ. ಅವು ಬಾಗಿಲ ಹಿಂದಿನ ಗೂಟದಲ್ಲಿ ಇವೆ, ಮದುವೆ ಮನೆಗೆ ಹೋಗುವಾಗ ತೊಡಲು.

ಅತ್ತೆಗೆಂದು ತಂದ ಕೋಟನ್ನು ಹಾಕಿಕೊಂಡು ಬಾಗಿ ನೋಡಿ ಎಂದೆ. ಬಾಗಿದರು. ಕೋಟಿನ ಹಿಂಭಾಗ ಸೊಂಟಕ್ಕಿಂತ ಮೇಲೆ ಸರಿಯಿತು, ಮುಂಭಾಗ ಚೀಲದಂತೆ ಜೋತು ಕೆಸರಿಗೆ ತಾಗುವಷ್ಟಾಯಿತು. ಟೊಪ್ಪಿ ಕಣ್ಣಿನ ಮೇಲೆ ಬಿತ್ತು. ಬೆನ್ನಿನ ಮೇಲೆ ಬಿದ್ದ ನೀರು ಕತ್ತಿನ ಕಡೆಗೆ ಹರಿಯತೊಡಗಿತು, ಅಲ್ಲಿಂದ ಒಳಕ್ಕೆ. ನಿಂತವನಿಗೆ ನೀರು ಕತ್ತಿನಿಂದ ಕಾಲಿಗೆ ಹರಿಯುತ್ತದೆ. ಬಾಗಿದವಳಿಗೆ ಸೊಂಟದಿಂದ ಕತ್ತಿಗೆ. ಕೋಟು ಹೊಲಿದವನಿಗೆ ಈ ಎರಡನೆಯ ದಾರಿ ಗೊತ್ತಿಲ್ಲ.

“ಇದು ನಿಂತ್ಕಂಡು ಮಾತಾಡೋರ ಕೋಟು ಮಾರಾಯ್ತಿ,” ಎಂದು ಬಿಚ್ಚಿಕೊಟ್ಟರು.

ಆಮೇಲೆ ಅಟ್ಟದಿಂದ ಗೊರಬು ಇಳಿಸಿ ತೋರಿಸಿದರು. ಈಗ ಯಾರೂ ಹೊಸದಾಗಿ ಹೆಣೆಯುವುದಿಲ್ಲ. ಬಿದಿರಿನ ತೆಳು ಸಲಾಕೆಯ ಎರಡು ಹೆಣಿಗೆ, ನಡುವೆ ಒತ್ತೊತ್ತಾಗಿ ಜೋಡಿಸಿದ ಅಗಲವಾದ ಒಣ ಎಲೆ. ನೆತ್ತಿಯ ಕಡೆ ಮುಚ್ಚಿ, ಸೊಂಟದ ಕಡೆ ತೆರೆದುಕೊಂಡ ಒಂದು ಬುರುಡೆ ಆಕಾರ. ನೆಟ್ಟಗೆ ನಿಂತು ತಲೆಗೇರಿಸಿಕೊಂಡರೆ ವಿಚಿತ್ರವಾಗಿ ಕಾಣುತ್ತದೆ, ಹಿಂದಕ್ಕೆ ಜಗ್ಗುತ್ತದೆ. ಬಾಗಿದರೆ ಕೂಡಲೇ ತನ್ನ ಜಾಗದಲ್ಲಿ ಕೂರುತ್ತದೆ: ನೆತ್ತಿಯಿಂದ ಸೊಂಟದ ಕೆಳಗಿನವರೆಗೆ ಬೆನ್ನಿಗೊಂದು ಮಾಡು. ಕೈ ಎರಡೂ ಖಾಲಿ. ಮೈಗೂ ಗೊರಬಿಗೂ ನಡುವೆ ನಾಲ್ಕು ಬೆರಳು ಗಾಳಿ. ಗುಂಡಿ ಇಲ್ಲ, ಜಿಪ್ಪಿಲ್ಲ, ಹೊಲಿಗೆಯೇ ಇಲ್ಲ, ಹಾಗಾಗಿ ಹೊಲಿಗೆಯಲ್ಲಿ ಸೋರುವ ಮಾತೂ ಇಲ್ಲ.

ಈಗ ಗೊರಬು ಹೋಂಸ್ಟೇಗಳ ಗೋಡೆ ಸೇರಿದೆ. ಬೆಂಗಳೂರಿನ ಹುಡುಗಿಯರು ಅದನ್ನು ತೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಎಲ್ಲರೂ ನೆಟ್ಟಗೆ ನಿಂತೇ.

ಗೊಬ್ಬರ ಚೀಲದ ವಿಚಾರ

ಗೊರಬಿನ ಜಾಗಕ್ಕೆ ಬಂದದ್ದು ಗೊಬ್ಬರ ಚೀಲ. ಚೀಲದ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತುರುಕಿದರೆ ಮುಗಿಯಿತು, ಚೂಪು ತಲೆಯ ಕೊಪ್ಪೆ ಸಿದ್ಧ. ಹೊಲಿಗೆ ಬೇಡ, ಕಾಸು ಬೇಡ, ಕಳೆದರೆ ದುಃಖ ಬೇಡ.

2018ರಲ್ಲಿ ಯೂರಿಯಾ ಚೀಲ 50 ಕೆ.ಜಿ.ಯಿಂದ 45 ಕೆ.ಜಿ.ಗೆ ಇಳಿಯಿತು. ಗೊಬ್ಬರ ಅತಿಯಾಗಿ ಸುರಿಯುವುದು ಕಡಿಮೆಯಾಗಲಿ ಎಂಬುದು ಸರ್ಕಾರದ ಎಣಿಕೆ. ಅಂದಿನಿಂದ ಕೊಪ್ಪೆ ಮೊದಲಿನಷ್ಟು ಸೊಂಟ ಮುಚ್ಚುವುದಿಲ್ಲ ಎಂಬುದು ಅತ್ತೆಯ ದೂರು. 2021ರಿಂದ ನ್ಯಾನೊ ಯೂರಿಯಾ ಅಂತ ಅರ್ಧ ಲೀಟರಿನ ಬಾಟಲಿಯೇ ಬಂದಿದೆ. ಬೆಳೆಗೆ ಅದು ಸಾಕೋ ಸಾಲದೋ ಎಂದು ತಿಳಿದವರು ಚರ್ಚೆ ಮಾಡಿಕೊಳ್ಳಲಿ. ಬಾಟಲಿಯ ಮೂಲೆಯನ್ನು ಮೂಲೆಗೆ ತುರುಕಿ ತಲೆಗೆ ಹಾಕಿಕೊಳ್ಳುವುದು ಹೇಗೆ ಎಂಬುದಕ್ಕೆ ಯಾವ ಇಲಾಖೆಯೂ ಉತ್ತರ ಕೊಟ್ಟಿಲ್ಲ.

ಪುಷ್ಯ

ಪುಷ್ಯದ ಮಳೆ ಜಡಿಮಳೆ. ಹಿಡಿದರೆ ಬಿಡುವುದಿಲ್ಲ, ಜೊತೆಗೆ ಚಳಿ. ಈಗ ಗಂಡಸರು ಕಂಬಳಿ ಕೊಪ್ಪೆ ಹಾಕಿ ಗದ್ದೆಯ ಬದುವಿನ ಮೇಲೆ ನಡೆಯುವುದು ಕಾಣುತ್ತದೆ. ವಯಸ್ಸಾದವರೇ ಹೆಚ್ಚು. ಕರಿ ಕಂಬಳಿ, ನೆತ್ತಿಯ ಮೇಲೆ ಮಡಿಸಿ ಚೂಪು ಮಾಡಿ, ಎರಡು ಅಂಚು ಎದೆಯ ಮೇಲೆ ಸಡಿಲವಾಗಿ ಬಿಟ್ಟುಕೊಂಡು.

ಇದು ನನಗೆ ಬಂದ ದಿನದಿಂದಲೂ ಬಗೆಹರಿಯದ ವಿಷಯವಾಗಿತ್ತು. ಉಣ್ಣೆ ನೀರು ಕುಡಿಯುತ್ತದೆ. ತೊಯ್ದ ಕಂಬಳಿಯನ್ನು ಒಬ್ಬರೇ ಎತ್ತಿ ಹಿಂಡುವುದು ಕಷ್ಟ. ಹಾಗಿದ್ದೂ ನೀರು ಕುಡಿಯುವ ಬಟ್ಟೆಯನ್ನು ಮಳೆಗೆ ಹೊದೆಯುವುದು ಯಾಕೆ? ನೀರು ಕುಡಿಯದ ಪ್ಲಾಸ್ಟಿಕ್ಕು ಪಕ್ಕದಲ್ಲೇ ಇರುವಾಗ?

ಓದುತ್ತಾ ಹೋದಾಗ ಅರ್ಧ ಉತ್ತರ ಸಿಕ್ಕಿತು. ಉಣ್ಣೆಯ ಎಳೆ ಹೊರಮೈಯಲ್ಲಿ ಹನಿಯನ್ನು ಜಾರಿಸುತ್ತದೆ, ಒಳಕ್ಕೆ ಹಬೆಯನ್ನು ಹೀರಿಕೊಳ್ಳುತ್ತದೆ. ತನ್ನ ತೂಕದ ಶೇ. 30ರಷ್ಟು ತೇವ ಹೀರಿದರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹಾಗೆ ಹೀರುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಕುರಿಯ ಮೈಯ ಜಿಡ್ಡು ಪೂರ್ತಿ ತೊಳೆದು ಹೋಗದ ಒರಟು ಉಣ್ಣೆಯಾದರೆ ನೀರು ಇನ್ನಷ್ಟು ಜಾರುತ್ತದೆ. ಕಂಬಳಿ ನೇಯುವವರು ಹಾಸು ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟು ಎಳೆಯನ್ನು ಬಿಗಿ ಮಾಡುತ್ತಾರೆ.

ಇನ್ನರ್ಧ ಉತ್ತರ ಬೆವರಿನದು. ಮಳೆಯಲ್ಲಿ ಗದ್ದೆಯ ಅಂಚು ಕಡಿಯುವವನು, ಕೆಸರಿನಲ್ಲಿ ಕಾಲೆತ್ತಿ ಹಾಕುವವನು ಧಾರಾಳವಾಗಿ ಬೆವರುತ್ತಾನೆ. ಪ್ಲಾಸ್ಟಿಕ್ ಕೋಟಿನ ಒಳಗೆ ಆ ಬೆವರಿಗೆ ಹೋಗಲು ದಾರಿಯಿಲ್ಲ. ಹೊರಗಿನಿಂದ ತಣ್ಣಗೆ ತೊಯ್ಯುವುದು ತಪ್ಪಿತು, ಒಳಗಿನಿಂದ ಬೆಚ್ಚಗೆ ತೊಯ್ಯುವುದು ಶುರುವಾಯಿತು. ಕೆಲಸ ನಿಲ್ಲಿಸಿದ ಕೂಡಲೇ ಆ ಬೆವರು ತಣಿದು ನಡುಗಿಸುತ್ತದೆ. ಕಂಬಳಿ ಕೆಳಗೂ ಮುಂದೂ ತೆರೆದಿದೆ, ಹಬೆ ಹೋಗುತ್ತದೆ, ಉಳಿದದ್ದನ್ನು ತಾನೇ ಹೀರುತ್ತದೆ.

ಇನ್ನೊಂದು ಸೋಜಿಗ. ಮಳೆನಾಡಿನ ಈ ಉಡುಪು ಹುಟ್ಟುವುದು ಮಳೆಯಿಲ್ಲದ ಸೀಮೆಯಲ್ಲಿ. ಚಳ್ಳಕೆರೆ, ಚಿತ್ರದುರ್ಗದ ಕಡೆಯ ಕುರುಬರ ಮಗ್ಗದಿಂದ ಬರುವುದು. ಮೋಡಕ್ಕೆ ಕಾದು ಕಾದು ಸಾಕಾದವರು ನೇಯ್ದದ್ದನ್ನು, ಮೋಡ ಸಾಕಾದವರು ಹೊದೆಯುತ್ತಾರೆ.

ಪುಷ್ಯವೇ, ಕರೆಂಟು ಹೋದ ರಾತ್ರಿ

ಬೆವರಿನ ತಕರಾರು ಹೊಸದಲ್ಲ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ನಾಫ್ತಾದಲ್ಲಿ ಕರಗಿಸಿದ ರಬ್ಬರು ಬಳಿದು ಪೇಟೆಂಟ್ ಪಡೆದ. ಆ ಕೋಟು ಬಿಸಿಲಿಗೆ ಅಂಟುತ್ತಿತ್ತು, ಚಳಿಗೆ ಸೆಟೆಯುತ್ತಿತ್ತು, ಸದಾ ನಾರುತ್ತಿತ್ತು. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸುವ ವಿದ್ಯೆ ಬಂದ ಮೇಲೆ ಅಂಟುವುದು, ಸೆಟೆಯುವುದು ನಿಂತಿತು. ಬೆವರು ಹಾಗೆಯೇ ಉಳಿಯಿತು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಸ್ವದೇಶಿಯ ಕಾವೂ ಇತ್ತು. ಸುರೇಂದ್ರ ಮೋಹನ ಬೋಸ್ 1920ರಲ್ಲಿ ಬಂಗಾಳದಲ್ಲಿ ಶುರು ಮಾಡಿದ ಕಾರ್ಖಾನೆಯದೇ ಡಕ್‌ಬ್ಯಾಕ್. ನಮ್ಮ ಮಾವನವರ ತಲೆಮಾರಿಗೆ ರೈನ್‌ಕೋಟು ಎಂದರೆ ಅದೇ. ಅವರದ್ದು ಈಗಲೂ ಪಡಸಾಲೆಯ ಗೂಟದಲ್ಲಿದೆ. ತೊಟ್ಟು ನೋಡಿದೆ, ಹೆಗಲ ಮೇಲೆ ಯಾರೋ ದೊಡ್ಡವರು ಕೈ ಇಟ್ಟು ನಿಂತ ಹಾಗಿತ್ತು.

1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಗಬಕ್ಕನೆ ಎಳೆದ. ಹರಿಯುವ ಬದಲು ಅದು ಹಿಗ್ಗಿ ಅಸಂಖ್ಯ ಸೂಕ್ಷ್ಮ ರಂಧ್ರಗಳ ಪೊರೆಯಾಯಿತು. ನೀರಿನ ಹನಿ ನುಸುಳದಷ್ಟು ಸಣ್ಣ, ಹಬೆ ಹಾಯುವಷ್ಟು ದೊಡ್ಡ ರಂಧ್ರ. ಅದರಿಂದ ಬಂದದ್ದು ಗೋರ್‌ಟೆಕ್ಸ್. ಬೆಟ್ಟ ಹತ್ತುವವರು ಈಗ ಅಂಥ ಕೋಟಿಗೆ ಸಾವಿರಾರು ರೂಪಾಯಿ ಕೊಡುತ್ತಾರೆ.

ಆದರೆ ಹಬೆ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗೆ ಹೆಚ್ಚು, ಹೊರಗೆ ಕಡಿಮೆ ಇದ್ದರಷ್ಟೇ ಹೋಗುತ್ತದೆ. ತಣ್ಣಗಿನ ಒಣ ಹವೆಯ ದೇಶದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಪುಷ್ಯದ ಮಳೆಯ ಹೊಸಬಾಳೆಯಲ್ಲಿ ಹೊರಗಿನ ಗಾಳಿಯೇ ನೀರು ತುಂಬಿಕೊಂಡು ನಿಂತಿರುತ್ತದೆ, ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರಾಗಿರುತ್ತದೆ. ಕೋಟಿನ ಹಬೆಗೆ ಹೊರಗೆ ಜಾಗವೇ ಇಲ್ಲ. ಇಂಥ ಕಡೆ ದುಬಾರಿ ಪೊರೆಗಿಂತ ಕಂಕುಳಿನ ಕೆಳಗೆ ಎರಡು ಕಿಂಡಿ, ಬೆನ್ನಿನ ಮೇಲೆ ಮಡಿಕೆಯಡಿಯಲ್ಲಿ ಒಂದು ಜಾಲರಿ ಹೆಚ್ಚು ಉಪಕಾರಿ. ಅಂಗಡಿಯಲ್ಲಿ ಕೋಟಿನ ತೋಳೆತ್ತಿ ಕಂಕುಳು ನೋಡುವ ಗಿರಾಕಿ ನಾನೊಬ್ಬಳೇ ಇರಬೇಕು.

ಮಕ್ಕಳ ಕೋಟು

ಶಾಲೆಗೆ ಹೋಗುವ ಮಕ್ಕಳ ಸಾಲು. ಎಲ್ಲರ ಬೆನ್ನ ಮೇಲೂ ಗೂನು. ಕೋಟಿನ ಒಳಗೆ ಪುಸ್ತಕದ ಚೀಲ. ಅದಕ್ಕಾಗಿಯೇ ಹಿಂದೆ ನೆರಿಗೆ ಇಟ್ಟು ಹೊಲಿದ ಕೋಟು ಬರುತ್ತದೆ, ಅದನ್ನೇ ಕೇಳಿ ತರಬೇಕು. ಇಲ್ಲದಿದ್ದರೆ ಮಗು ಒಣಗಿರುತ್ತದೆ, ಕನ್ನಡ ಪುಸ್ತಕ ಒದ್ದೆ.

ಇಲ್ಲೊಂದು ನಿಯಮ ಕಂಡೆ. ಒಂದರಿಂದ ನಾಲ್ಕನೇ ತರಗತಿಯವರೆಗೆ ಕಾರ್ಟೂನಿನ ಚಿತ್ರದ ಬಣ್ಣಬಣ್ಣದ ಕೋಟು. ಏಳನೇ ತರಗತಿಗೆ ಬಂದ ಹುಡುಗರು ಕಪ್ಪು ಕೇಳುತ್ತಾರೆ. ಹೈಸ್ಕೂಲಿಗೆ ಹೋದ ಮೇಲೆ ಕೋಟೇ ಬೇಡ, ತೊಯ್ದುಕೊಂಡೇ ಹೋಗುತ್ತಾರೆ. ಹುಡುಗಿಯರು ಜಡೆ ತೊಯ್ಯಬಾರದೆಂದು ಕೊಡೆ ಬಿಡುವುದಿಲ್ಲ. ಮಗನನ್ನು ಕೇಳಿದೆ: ಕೋಟು ಯಾಕೆ ಬೇಡವಂತೆ ಆ ದೊಡ್ಡ ಹುಡುಗರಿಗೆ? “ಸ್ಟೈಲ್ ಅಮ್ಮ,” ಎಂದ. ಒದ್ದೆಯಾಗುವುದೇ ಸ್ಟೈಲಾದ ವಯಸ್ಸಿಗೆ ಯಾವ ಕಂಪನಿ ತಾನೇ ಏನು ಹೊಲಿದೀತು?

ಆಶ್ಲೇಷ

ತೋಟದಲ್ಲಿ ಎರಡನೇ ಸಲದ ಔಷಧಿ. ಅಡಿಕೆಗೆ ಕೊಳೆ ಬರಬಾರದೆಂದು ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ. ಮಳೆ ಬಿಡುವು ಕೊಟ್ಟಾಗ ಅವಸರದಲ್ಲಿ ಹೊಡೆಯುತ್ತಾರೆ. ಮರ ಹತ್ತಿದವರ ಮೈಯೆಲ್ಲ ತಿಳಿನೀಲಿ. ಅವರೂ ರೈನ್‌ಕೋಟು ತೊಟ್ಟಿರುತ್ತಾರೆ, ಮಳೆಗಲ್ಲ, ಔಷಧಿಗೆ. ತೋಳಿಗಿಂತ ಎದೆಯ ಕಡೆ ಮೊದಲು ಹರಿಯುತ್ತದೆ, ಮರವನ್ನು ಅಪ್ಪಿ ಅಪ್ಪಿ. ಬೈಕಿನವನಿಗೆ ಎದುರು, ನಟ್ಟಿಯವಳಿಗೆ ಬೆನ್ನು, ಮರ ಹತ್ತುವವನಿಗೆ ಎದೆ ಮತ್ತು ಮೊಣಕಾಲು. ಕೋಟು ಹರಿಯುವ ಜಾಗ ನೋಡಿದರೆ ತೊಟ್ಟವನ ಕಸುಬು ಹೇಳಬಹುದು.

ಬೋರ್ಡೋ ಇಲ್ಲಿಗೆ ಬಂದದ್ದು ಲೆಸ್ಲಿ ಕೋಲ್ಮನ್ ಅವರಿಂದ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಕೂತು ಅಭ್ಯಾಸ ಮಾಡಿ ಈ ಔಷಧಿಯನ್ನು ರೂಢಿಗೆ ತಂದರು. ಅದಕ್ಕೆ ಮುಂಚೆ ಮಳೆಗಾಲ ಹಿಡಿಯುವ ಮೊದಲು ಒಂದೊಂದು ಅಡಿಕೆ ಕೊನೆಗೂ ಕರಡದ ಕೊಟ್ಟೆ ಕಟ್ಟುತ್ತಿದ್ದರು. ಒಣ ಹುಲ್ಲು ಹೆಣೆದು ಮಾಡಿದ, ಕೆಳಗೆ ತೆರೆದುಕೊಂಡ ಟೊಪ್ಪಿಗೆ ಅದು. ಮೇಲಿನ ನೀರು ಜಾರಬೇಕು, ಒಳಗಿನ ತೇವ ಕೆಳಗಿನಿಂದ ಹೋಗಬೇಕು.

ಕೊಟ್ಟೆ, ಕೊಪ್ಪೆ, ಗೊರಬು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ತಲೆಯಲ್ಲಿ ಹುಟ್ಟಿದ ಹಾಗಿವೆ. ಮೇಲೆ ಮುಚ್ಚು, ಕೆಳಗೆ ಬಿಡು. ರೈನ್‌ಕೋಟಿನ ತಲೆ ಬೇರೆ: ಸುತ್ತಲೂ ಮುಚ್ಚು, ಎಲ್ಲ ಕಡೆ ಬಿಗಿ. ಬೈಕಿನ ಗಾಳಿಗೆ ಅದು ಸರಿಯಾದ ತಲೆ. ಕೆಲಸದ ಬೆವರಿಗೆ ಹಳೆಯದೇ ಸರಿ. ಇವೆರಡರಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಅರ್ಥವಿಲ್ಲ ಎಂದು ನನಗೆ ಹೊಳೆದದ್ದು ಆಗ. ಮಳೆ ನೋಡಿ ಕೋಟು ಕೊಳ್ಳಬಾರದು, ಮಳೆಯಲ್ಲಿ ನಾವು ಹೇಗೆ ಇರುತ್ತೇವೆ ಅಂತ ನೋಡಿ ಕೊಳ್ಳಬೇಕು.

ಮಘೆ

ಉಳಿದದ್ದು ನನ್ನ ಕೋಟು. ಸೀರೆಯವರಿಗೆ ಅಂಗಡಿಯಲ್ಲಿ ಇರುವುದು ಗಂಡಸರ ಕೋಟು, ಅದರ ಜೊತೆಗೆ ಪ್ಯಾಂಟು. ಸೀರೆಯನ್ನು ಪ್ಯಾಂಟಿನ ಒಳಗೆ ತುಂಬಿಕೊಳ್ಳುವ ವಿದ್ಯೆ ನನಗೆ ಬಾರದು. ಪ್ಯಾಂಟು ಬಿಟ್ಟು ಬರೀ ಕೋಟು ತೊಟ್ಟರೆ ನೆರಿಗೆ ಮೊಣಕಾಲಿನಿಂದ ಕೆಳಗೆ ಒದ್ದೆ. ಪಾದದವರೆಗಿನ ನಿಲುವಂಗಿಯಂಥ ಕೋಟು ಬರುತ್ತದೆ. ಅದನ್ನು ತೊಟ್ಟು ಬಸ್ಸಿನ ಮೆಟ್ಟಿಲು ಹತ್ತುವಾಗ ಮುಂದಿನ ಅಂಚನ್ನು ತುಳಿಯದಿದ್ದರೆ ಪುಣ್ಯ. ಮೊಣಕಾಲಿಗಿಂತ ಒಂದು ಗೇಣು ಕೆಳಗೆ ಬರುವ, ಬದಿಯಲ್ಲಿ ಸೀಳಿರುವ, ಸೀಳಿನೊಳಗೆ ಇನ್ನೊಂದು ಪದರ ಇರುವ ಕೋಟು ಹುಡುಕಿದೆ. ಸಿಕ್ಕಿದ್ದು ಗುಲಾಬಿ ಬಣ್ಣದಲ್ಲಿ ಮಾತ್ರ. ದೂರಕ್ಕೆ ಕಾಣುತ್ತದೆ, ಅದಕ್ಕೇ ತಂದೆ.

ಒಣಗಿಸುವ ಕಷ್ಟ ಬೇರೆ. ಪಿವಿಸಿಯ ಕೋಟನ್ನು ಬಚ್ಚಲ ಒಲೆಯ ಹತ್ತಿರ ಹಾಕಿದರೆ ಸುರುಟಿಕೊಳ್ಳುತ್ತದೆ. ದೂರ ಹಾಕಿದರೆ ಒಣಗುವುದಿಲ್ಲ. ಒದ್ದೆಯಲ್ಲೇ ಮಡಿಸಿ ಅದರ ಚೀಲಕ್ಕೆ ತುಂಬಿಟ್ಟರೆ ಬೂಷ್ಟು ಹಿಡಿದು ಒಳಗಿನ ಲೇಪ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ತೆಳು ಪಾಲಿಯೆಸ್ಟರಿಗೆ ಒಳಗೆ ಲೇಪ ಕೊಟ್ಟ ಕೋಟು ಜಗಲಿಯ ಹಗ್ಗದ ಮೇಲೆ ರಾತ್ರಿ ಕಳೆಯುವುದರೊಳಗೆ ಆರುತ್ತದೆ. ದಪ್ಪ ಇದ್ದರೆ ಗಟ್ಟಿ ಎಂದು ನಂಬಿ ಕೊಳ್ಳುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜಡಿಮಳೆಯ ಊರಿನಲ್ಲಿ ಬೆಳಿಗ್ಗೆಗೆ ಆರುವ ಗುಣ ದಪ್ಪಕ್ಕಿಂತ ದೊಡ್ಡದು.

ಮನೆಯ ಲೆಕ್ಕ ಹೀಗೆ ಮುಗಿ​ಯಿತು. ಇವರಿಗೆ ಎರಡು ಪಟ್ಟಿಯ ಜಿಪ್ಪು, ಪ್ಯಾಂಟಿಗೆ ಟೇಪು, ಮಿಂಚುವ ಪಟ್ಟಿ. ಮಗನಿಗೆ ನೆರಿಗೆಯದು. ನನಗೆ ಗುಲಾಬಿ. ಅತ್ತೆಗೆ ತಂದದ್ದನ್ನು ಅಂಗಡಿಗೆ ವಾಪಸು ಕೊಟ್ಟೆವು. ಬದಲಿಗೆ ಸೊರಬದಲ್ಲಿ ಮೀಟರಿನ ಲೆಕ್ಕದಲ್ಲಿ ಮಾರುವ ಕೊಪ್ಪೆ ಪ್ಲಾಸ್ಟಿಕ್ಕು ತಂದರು, ಹಸಿರು ಬಣ್ಣದ್ದು.

ಹುಬ್ಬೆಗೆ ಮೊದಲು

ಒಂದು ಪ್ರಶ್ನೆ ಇನ್ನೂ ಉಳಿದಿದೆ. ಮ್ಯಾಕಿಂತೋಷ್‌ನಿಂದ ಈಚೆಗೆ ಇನ್ನೂರು ವರ್ಷ ಆಯಿತು. ಬೈಕಿಗೆ, ಬೆಟ್ಟಕ್ಕೆ, ದೋಣಿಗೆ, ಸೈಕಲ್ಲಿಗೆ, ನಾಯಿಗೆ ಕೂಡ ಬೇರೆ ಬೇರೆ ರೈನ್‌ಕೋಟು ಬಂದಿವೆ. ದೇಶದ ಎಷ್ಟೋ ಹೆಂಗಸರು ಮಳೆಗಾಲವನ್ನು ಬಾಗಿಯೇ ಕಳೆಯುತ್ತಾರೆ. ಮೊದಲು ನಟ್ಟಿ, ಆಮೇಲೆ ಕಳೆ. ಅವರ ಬೆನ್ನಿಗೆಂದು ಹೊಲಿದ ಕೋಟು ಯಾವ ಅಂಗಡಿಯಲ್ಲೂ ನೇತಾಡುವುದಿಲ್ಲ. ಕೊಳ್ಳುವ ಕಾಸು ಅವರ ಕೈಯಲ್ಲಿ ಇಲ್ಲ ಎಂಬುದು ಒಂದು ಕಾರಣ ಇದ್ದೀತು. ಕೊಪ್ಪೆ ಸಾಕು ಎಂದು ಎಲ್ಲರೂ, ಅವರೂ, ಒಪ್ಪಿಕೊಂಡಿರುವುದು ಇನ್ನೊಂದು.

ಕೊಪ್ಪೆ ಸಾಲದು. ಗಾಳಿಗೆ ಹಾರುತ್ತದೆ, ಕತ್ತಿನ ಬಳಿ ಸೋರುತ್ತದೆ, ಕೈಗಳನ್ನು ಮುಚ್ಚುವುದಿಲ್ಲ. ಗೊರಬಿನ ಆಕಾರವನ್ನು ತೆಳು ಬಟ್ಟೆಯಲ್ಲಿ ಹೊಲಿಯುವುದು ಕಷ್ಟದ ಕೆಲಸವೇನಲ್ಲ. ಬೆನ್ನು ಒಂದು ಗೇಣು ಉದ್ದ, ಮುಂದೆ ಒಂದು ಗೇಣು ಗಿಡ್ಡ. ಟೊಪ್ಪಿ ಹಣೆಗೆ ಬೀಳದೆ ಹಿಂದಕ್ಕೆ ನಿಲ್ಲಲು ಒಳಗೊಂದು ಬೆತ್ತದ ಬಳೆ. ಕತ್ತಿನ ಕಡೆಗೆ ಹರಿದು ಬರುವ ನೀರನ್ನು ಬದಿಗೆ ತಿರುಗಿಸಲು ಹೆಗಲ ಮೇಲೊಂದು ಅಂಚು. ಮುಂದೆ ತೆರೆದೇ ಇರಲಿ.

ನಮ್ಮೂರಿನ ಹತ್ತಿರದ ಟೈಲರಿಗೆ ಇದನ್ನು ವಿವರಿಸಿದೆ. ತಾಡಪಾಲು ಹೊಲಿದು ರೂಢಿಯಿರುವ ಕೈ ಅವರದು. ಆಗಲಿ, ಅಮ್ಮನವರನ್ನು ಕರೆದುಕೊಂಡು ಬನ್ನಿ, ಅಳತೆ ತೆಗೆದುಕೊಳ್ಳುತ್ತೇನೆ ಎಂದರು. ಅತ್ತೆ ಬಂದು ಅವರ ಮುಂದೆ ನೆಟ್ಟಗೆ ನಿಂತರು. ಟೈಲರು ಟೇಪು ಹಿಡಿದು ಕತ್ತಿನಿಂದ ಸೊಂಟಕ್ಕೆ ಅಳೆದು ಬರೆದುಕೊಂಡರು. ಬಾಗಿಸಿ ಅಳೆಯಿರಿ ಎಂದೆ. ಅತ್ತೆ ಸಸಿ ಊರುವಷ್ಟು ಬಾಗಿದರು. ಅದೇ ಬೆನ್ನು, ಅದೇ ಟೇಪು. ಮೊದಲಿಗಿಂತ ಸುಮಾರು ನಾಲ್ಕು ಇಂಚು ಹೆಚ್ಚು ಬಂತು. ಟೈಲರು ಬರೆದದ್ದನ್ನು ಹೊಡೆದು ಹಾಕಿ ಹೊಸ ಅಳತೆ ಬರೆದುಕೊಂಡರು, ಮುಂದಿನ ನಟ್ಟಿಯೊಳಗೆ ಕೊಡುತ್ತೇನೆ ಎಂದರು.